ಮತ ಕೊಡಿ ಅಂದದ್ದೇ ತಪ್ಪಾಯಿತು

ಮಕ್ಕಳಿಗೆ ಒಳ್ಳೆಯದನ್ನು ಹೇಳಿಕೊಟ್ಟರೆ ಅವರು ಕಲಿತೇ ಬಿಡುತ್ತಾರೆ. ಮಾಸ್ತರಿಕೆಯಲ್ಲಿ ಪಜೀತಿಗಳು ತಪ್ಪದಿರುವುದು ಅದಕ್ಕೇ. ಮುಂಬೈ ಇಲಾಖೆಯ ಕಾಲ. ನಾನು ಧಾರವಾಡದ ಮಾಳಮಡ್ಡಿಯ ಒಂದು ಸಾಲಿಯಲ್ಲಿ ಇತಿಹಾಸ ಕಲಿಸುತ್ತಿದ್ದೆ. ಹೊಸ ಹೆಡ್‌ಮಾಸ್ತರರು ಬಂದ ದಿನವೇ ಬೆತ್ತವನ್ನು ಅಟ್ಟಕ್ಕೆ ಹಾಕಿಸಿದರು.

"ನಾಳೆ ಸ್ವರಾಜ್ಯ ಬರ್ತದ. ಕೂಡಿ ಬಾಳೋದನ್ನ ಈಗಿಂದನ ಕಲಸಬೇಕು" ಅಂದರು.

ಸಾಲಿ ನಡೆಸುವ ಕಮೀಟಿಯವರು ಅರೆಮನಸ್ಸಿನಿಂದ ಒಪ್ಪಿದರು. ಪಾಲಕರಿಂದ ಒಂದು ತಕರಾರು ಬಂದರೂ ಬೆತ್ತ ಕೆಳಗೆ, ಹೆಡ್‌ಮಾಸ್ತರರು ಹೊರಗೆ ಎಂಬುದು ಕರಾರು. ಅವರೆಂದರೆ ನನಗೆ ಬಹಳ ಪ್ರೀತಿ. ದಿನವೂ ಜೀವ ಕೈಯಲ್ಲಿ ಹಿಡಿದುಕೊಂಡೇ ಸಾಲಿಗೆ ಹೋಗುತ್ತಿದ್ದೆ.

೧. ಕೇಳುವ ತಾಳ್ಮೆ

"ಎದುರಿನವನ ಮಾತು ಮುಗಿಯೋತನಕ ಕೇಳಬೇಕು" ಎಂಬುದು ಅವರ ಮೊದಲ ಪಾಠ. ಮರುದಿನ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಗುಂಪು ಸೇರಿತ್ತು. ಒಬ್ಬ ಹುಡುಗ ಇನ್ನೊಬ್ಬನ ಅಂಗಿ ಹಿಡಿದು, ಮುಷ್ಟಿ ಎತ್ತಿ, ಸುಮ್ಮನೆ ನಿಂತಿದ್ದ. ಸಿಕ್ಕಿಬಿದ್ದವನು ಉಸಿರು ಬಿಡದೆ ಮಾತಾಡುತ್ತಿದ್ದ.

"ಏನೋ ಇದು?"

"ಅವನ ಮಾತು ಇನ್ನೂ ಮುಗದಿಲ್ರಿ ಮಾಸ್ತರ. ಮುಗದ ಕೂಡ್ಲೆ ಹೊಡೀತೀನಿ."

ಸಿಕ್ಕಿಬಿದ್ದವನು ಆಗಲೇ ಹದಿನೇಳರ ಮಗ್ಗಿಗೆ ಬಂದಿದ್ದ.

೨. ಎದುರಾಳಿಗೆ ಮರ್ಯಾದೆ

ಮುಂದೆ ಮಾನೀಟರನ ಚುನಾವಣೆ. ಎದುರಾಳಿಯನ್ನು ಹೊಗಳಬೇಕೇ ಹೊರತು ಬೈಯಕೂಡದು ಎಂದು ಹೆಡ್‌ಮಾಸ್ತರರ ಅಪ್ಪಣೆ. ನಿಂತವರು ಇಬ್ಬರು. ತಗಡಿನ ಟ್ರಂಕು ಮಾಡುವ ಮುಸಲ್ಮಾನ ಸಾಹೇಬರ ಮಗ ವರ್ಗಕ್ಕೇ ಮೊದಲಿಗ. ಹತ್ತಿ ವ್ಯಾಪಾರದ ಸಾವಕಾರರ ಮಗ ಕೊನೆಯವನು. ಈ ಕೊನೆಯವನು ಭಾಷಣಕ್ಕೆ ಎದ್ದ.

"ನನ್ನ ಎದುರಾಳಿ ಭಾಳ ಶಾಣ್ಯಾ. ಅಂಥವನ್ನ ಮಾನೀಟರ್ ಮಾಡಿ ಅವನ ಅಭ್ಯಾಸ ಯಾಕ ಕೆಡಸ್ತೀರಿ? ನನ್ನ ಆರಸ್ರಿ. ನಂದು ಮೊದಲ ಕೆಟ್ಟೈತಿ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಸಾಹೇಬರ ಮಗನೇ.

೩. ಮತ

ಚುನಾವಣೆಯ ಹಿಂದಿನ ದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರರು ಸಾರಿದರು: "ನಾಳೆ ಎಲ್ಲಾರೂ ಮತ ಕೊಡಬೇಕು. ಯಾರಿಗೆ ಕೊಟ್ಟಿರಿ ಅಂತ ಮನ್ಯಾಗೂ ಹೇಳಬಾರದು."

ಮಕ್ಕಳು ಹೋಗಿ ಮೊದಲು ಮನೆಯಲ್ಲೇ ಹೇಳಿದರು. ಬೆಳಗಾದರೆ ಸಾವಕಾರರೂ ಸಾಹೇಬರೂ ಜೋಡಿಯಾಗಿ ಸಾಲಿಯ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಮತದವರೂ ಒಂದಾಗಬೇಕೆಂದು ಹಂಬಲಿಸುತ್ತಿದ್ದ ಹೆಡ್‌ಮಾಸ್ತರರ ಮೇಲೆಯೇ ಇಬ್ಬರೂ ಒಂದಾಗಿ ಏರಿಬಂದಿದ್ದರು.

"ನಮ್ಮ ಹುಡುಗ ಮತ ಕೊಡಬೇಕಂತ. ಖರೇ ಏನ್ರಿ?" ಸಾವಕಾರರು ಗುಡುಗಿದರು.

"ಖರೇರಿ. ಆದ್ರ ಇಂಥವರಿಗೇ ಅಂತ ಒತ್ತಾಯ ಇಲ್ಲ, ಯಾರಿಗೆ ಬೇಕಾದರೂ ಕೊಡಬಹುದು" ಎಂದರು ಹೆಡ್‌ಮಾಸ್ತರರು ನಗುನಗುತ್ತ. "ನಿಮ್ಮ ಹುಡುಗ ಇವರ ಹುಡುಗಗ ಕೊಡಲಿ, ಇವರಾಂವ ನಿಮ್ಮಾಂವಗ ಕೊಡಲಿ. ನನಗಂತೂ ಭಾಳ ಸಂತೋಷ."

"ಅಂದ್ರ ಅದಲಾಬದಲಿ!" ಸಾವಕಾರರು ಹಣೆಯ ವಿಭೂತಿ ಮುಟ್ಟಿಕೊಂಡರು.

"ಮತ್ತ ಮನ್ಯಾಗ ಯಾಕ ಹೇಳಬಾರದ್ರಿ?" ಎಂದರು ಸಾಹೇಬರು.

"ಅದು ಗುಪ್ತ ಇರಬೇಕ್ರಿ. ಒಬ್ಬೊಬ್ಬರನ್ನ ಕೋಣ್ಯಾಗ ಕರದು ಬಾಗಿಲಾ ಹಾಕ್ತೀವಿ. ಎರಡು ನಿಮಿಷದ ಕೆಲಸ."

ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತರು. ಸಾವಕಾರರು "ನಡೀರಿ, ಕಮೀಟಿಗೆ ಹೋಗೂಣು" ಎಂದು ಅವರ ಕೈಹಿಡಿದು ಎಬ್ಬಿಸಿದರು. ಹೆಡ್‌ಮಾಸ್ತರರ ಮುಖ ಬಿಳಿಚಿತು. ಆಗ ನನಗೆ ಹೊಳೆಯಿತು. ಓಡಿಹೋಗಿ ಅಡ್ಡ ನಿಂತೆ.

"ಓಟು ರೀ, ಓಟು! ಮಾನೀಟರ್ ಆರಸಾಕ ಹುಡುಗರು ಓಟು ಹಾಕ್ತಾರ್ರಿ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ಸಾಹೇಬರು ನಕ್ಕರು, ಆಮೇಲೆ ಸಾವಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಹೋದ ಜೀವ ಬಂದಂತಾಯಿತು. ಸಾವಕಾರರು ಕಣ್ಣೊರೆಸಿಕೊಂಡು ಹೆಡ್‌ಮಾಸ್ತರರತ್ತ ತಿರುಗಿದರು.

"ಅಲ್ರೀ, ಛಲೋತ್ನಂಗ ಕನ್ನಡದಾಗ ಓಟು ಅನ್ನೋದು ಬಿಟ್ಟು, ಮತಾ ಗಿತಾ ಅಂತ ಯಾಕ ಅಂಜಸ್ತೀರಿ?"