ಸೋಮವಾರ ಹೊರಟ ಚೀಲ

ನೀಲಕ್ಕ: ಚೀಲ ಹೊಳ್ಳಿ ಮನಿಗೆ ಬರೂ ಹಂಗಿಲ್ಲ ಅಂದ್ರ ಇಲ್ಲ. ಅದು ಸೋಮವಾರನ ಹೊಂಟೈತಿ.

ಕುಬೇರಪ್ಪ: ಎಲ್ಲಿಗೆ ಹೊಂಟೈತಿ? ಇಲ್ಲೆ ಬಾಜು ಮನಿ ಮಾಬುಸಾಬನ ಪಡಸಾಲ್ಯಾಗ ಕುಂತೈತಿ!

ನೀಲಕ್ಕ: ಕುಂತ್ರೂ ಹೊಂಟಂಗನ. ಬುಧವಾರ ಉತ್ತರಕ್ಕ ಶೂಲ ಐತಿ, ನಿಮ್ಮ ರೈಲೂ ಬುಧವಾರನ ಐತಿ. ಅದಕ್ಕ ಅಯ್ಯನೋರನ್ನ ಕೇಳಿ ಸೋಮವಾರ ಪ್ರಸ್ಥಾನ ಇಟ್ಟೇನಿ.

ಹೊರಡುವ ದಿನ ಆ ದಿಕ್ಕಿಗೆ ಶೂಲವಿದ್ದು ಪ್ರಯಾಣಕ್ಕೆ ಸರಿ ಇಲ್ಲದಿದ್ದರೆ ಅದಕ್ಕೂ ಮೊದಲು ಒಂದು ಒಳ್ಳೆಯ ದಿನ ನೋಡಿ ಗಂಟುಮೂಟೆಯನ್ನು ಮತ್ತೊಬ್ಬರ ಮನೆಯಲ್ಲಿ ಇಟ್ಟುಬಿಡುವುದು ಕುಬಿಹಾಳದಲ್ಲಿ ನಡೆದುಬಂದ ಪದ್ಧತಿ. ಗಂಟು ಹೊರಟಿತೆಂದರೆ ಮನುಷ್ಯನೂ ಹೊರಟ ಹಾಗೆಯೇ. ಬುಧವಾರ ಶೂಲ ಬಂದು ಬಾಗಿಲು ಬಡಿದರೆ ಆತ ಆಗಲೇ ಊರು ಬಿಟ್ಟವನು. ಆದರೆ ಹೀಗೆ ಇಟ್ಟ ಗಂಟನ್ನು ಪ್ರಯಾಣ ಮುಗಿಯುವ ತನಕ ಹೊಸ್ತಿಲೊಳಗೆ ತರಬಾರದು. ತಂದರೆ ಕೇಡು.

ಕುಬೇರಪ್ಪ ಮಾಸ್ತರರು ಆ ಬುಧವಾರದ ಶೂಲವನ್ನೇ ನೆಚ್ಚಿಕೊಂಡಿದ್ದರು. ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ, ಹಿಮಾಲಯವನ್ನು ಬೋರ್ಡಿನ ಮೇಲೆ ಬರೆದು ಒರೆಸಿ, ಬರೆದು ಒರೆಸಿ, ಒಂದು ದಿನ ಹುರುಪಿನ ಭರದಲ್ಲಿ ಹುಬ್ಬಳ್ಳಿಯ ಚಾರಣ ಸಂಘಕ್ಕೆ ಹೋಗಿ ಹಿಮಾಲಯ ಏರುವವರ ಪಟ್ಟಿಯಲ್ಲಿ ಹೆಸರು ಹಚ್ಚಿ ಬಂದಿದ್ದರು. ಹನ್ನೆರಡು ಸಾವಿರ ಫೂಟು. ಊರ ಕಟಿಂಗ್ ಅಂಗಡಿಯಲ್ಲಿ ಅದನ್ನು ಹದಿನಾಲ್ಕು ಸಾವಿರ ಮಾಡಿ ಹೇಳಿಯೂ ಆಗಿತ್ತು. ಈಗ ರೈಲು ನಾಳೆ ಎನ್ನುವಾಗ ಹೋಗದೆ ಉಳಿಯಲು ದಾರಿ ಹುಡುಕುತ್ತಿದ್ದರು.

ತಾವಾಗಿಯೇ ಒಲ್ಲೆ ಎಂದರೆ ಮಾನ ಹೋಗುತ್ತದೆ. ಹೆಂಡತಿ ಬಿಡಲಿಲ್ಲ ಎಂದರೆ ಏನೂ ಹೋಗುವುದಿಲ್ಲ. ಊರಿನ ಅರ್ಧ ಗಂಡಸರ ಮಾನ ಉಳಿದಿರುವುದೇ ಆ ನೆವದ ಮೇಲೆ. ಆದರೆ ಈ ಪುಣ್ಯಾತ್ಗಿತ್ತಿ ಅಡ್ಡ ಬರುವುದು ಹಾಗಿರಲಿ, ಸಂಘದವರು ಕೊಟ್ಟ ಬೆನ್ನಿನ ಚೀಲವನ್ನು ತಾನೇ ತುಂಬಿ, ತಾನೇ ಹೊತ್ತುಕೊಂಡು ಹೋಗಿ ಬಾಜು ಮನೆಯಲ್ಲಿ ಇಟ್ಟು ಬಂದಿದ್ದಳು.

ಗಾದಿ ಹೊಲಿಯುವ ಮಾಬುಸಾಬ ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೆ ಆನಿಸಿ, ತನ್ನ ಪಡಸಾಲೆಯಲ್ಲಿ ನಿಂತು ವಾದಿಸುತ್ತಿದ್ದ ಗಂಡ ಹೆಂಡಿರ ಹತ್ತಿರ ಎದ್ದು ಬಂದ.

ಮಾಬುಸಾಬ: ಸರ, ಮಲಗೂ ಚೀಲ ತಯಾರಾತು. ಒಳಗ ಇಳದು ನೋಡ್ರಿ.

ಕುಬೇರಪ್ಪ: ಇದು ಚೀಲ ಅಲ್ಲೋ, ಗಾದಿ!

ಮಾಬುಸಾಬ: ಗಾದಿನ ರೀ. ಮೂರು ಕಡೆ ಹೊಲದೇನಿ ಅಷ್ಟ. ಬ್ಯಾರೆ ಕಡೆ ಹಕ್ಕಿ ಪುಕ್ಕ ತುಂಬತಾರಂತ. ಹಕ್ಕಿಗೆ ಥಂಡಿ ತಡ್ಯಾಕ ಆಗತಿದ್ರ ಬಿಸಲ ಇದ್ದಲ್ಲಿಗೆ ಯಾಕ ಹಾರಿ ಹೋಕ್ಕಿತ್ರಿ? ನಾ ಜಯಧರ ಹತ್ತಿ ತುಂಬೇನಿ.

ಮಾಸ್ತರರು ಒಂದು ಕೈಯಿಂದ ಎತ್ತಿ ನೋಡಿದರು. ಆಗಲಿಲ್ಲ. ಎರಡು ಕೈ ಹಾಕಿದರು. ಮುಖದ ಮೇಲೆ ಮೂಡಿದ ಸಂತೋಷವನ್ನು ತಡೆದುಕೊಂಡು ನಿಟ್ಟುಸಿರುಬಿಟ್ಟರು.

ಕುಬೇರಪ್ಪ: ಮುಗೀತು ಬಿಡು. ಹತ್ತು ಕಿಲೋ ಮ್ಯಾಲ ಹೊರಾಕ ಬಿಡೂದಿಲ್ಲ ಅಲ್ಲೆ. ಇದೊಂದ ಎಂಟು ಕಿಲೋ ಆತು. ಏನ್ ಮಾಡೂದು ನೀಲಾ, ನನ್ನ ದೈವದಾಗ ಇರಲಿಲ್ಲ.

ನೀಲಕ್ಕ: ಹೊಟ್ಟಿ ಕಡೆ ಹತ್ತಿ ತಗದಬಿಡು ಮಾಬಣ್ಣ. ಅಲ್ಲೆ ಅವರ್ದ ಅವರಿಗೆ ಐತಿ.

ಮಾಬುಸಾಬ: ನನಗೂ ಹಂಗ ಅನಸಿತ್ರಿ ಅಕ್ಕಾರ. ಹೇಳಾಕ ಸಂಕೋಚ ಆತು.

ಮಾಬುಸಾಬ ಹೊಲಿಗೆ ಬಿಚ್ಚಿ ಕೈ ಹಾಕಿ ಹತ್ತಿ ಎಳೆಯತೊಡಗಿದ. ಮಾಸ್ತರರು ಮತ್ತೊಂದು ದಾರಿ ಹಿಡಿದರು.

ಕುಬೇರಪ್ಪ: ಅಲ್ಲೆ ಮ್ಯಾಲ ಗಾಳಿ ಭಾಳ ತೆಳ್ಳಗಿರತೈತಿ. ಉಸರಾಡಾಕ ಸಾಲೂದಿಲ್ಲ.

ನೀಲಕ್ಕ: ಇಲ್ಲೆ ಬೇಕಾದಷ್ಟು ಐತಿ. ಅದನ್ನ ತಗೊಂಡು ಏನ್ ಮಾಡೀರಿ?

ಮಾಬುಸಾಬ: ಮಾತು ಕಡಿಮಿ ಆಡಿದ್ರ ಸಾಲತೈತ್ರಿ ಸರ.

ಕುಬೇರಪ್ಪ: ಕಾಲು ಜಾರಿದ್ರ? ಕೆಳಗ ನೋಡಿದ್ರ ತಳ ಕಾಣೂದಿಲ್ಲಂತ.

ನೀಲಕ್ಕ: ಬೀಳವ್ರು ಎಲ್ಲೆರ ಬೀಳತಾರ. ಹ್ವಾದ ದೀಪಾವಳ್ಯಾಗ ನೀವು ಸಾಲಿ ಮುಂದಿನ ಗಟಾರದಾಗ ಬಿದ್ರಿ. ಅದೇನು ಹಿಮಾಲಯದಾಗ ಇತ್ತನು?

ಮಾಸ್ತರರ ಕೈಯಲ್ಲಿ ಇನ್ನೊಂದೇ ಬಾಣ ಉಳಿದಿತ್ತು. ಅದನ್ನು ಕೊನೆಗೆಂದೇ ತೆಗೆದಿಟ್ಟಿದ್ದರು. ಅವರ ಜೊತೆಗೆ ಹೆಸರು ಹಚ್ಚಿದ್ದ ಡ್ರಾಯಿಂಗ್ ಮಾಸ್ತರ ಮಡಿವಾಳೆಪ್ಪ ಹೋದ ವಾರವೇ ಹಿಂದೆ ಸರಿದಿದ್ದ.

ಕುಬೇರಪ್ಪ: ಮಡಿವಾಳೆಪ್ಪನ ನೋಡು. ಅವನ ಹೆಂಡತಿ ಸಾವಿತ್ರೆವ್ವ ಎರಡು ದಿನ ಅತ್ತಳಂತ, ಊಟ ಬಿಟ್ಟಳಂತ. ಆಮ್ಯಾಲ ಪಾಪ, ಅವ ಹೆಂಗ ಹೋದಾನು? ಹೆಂಡತಿ ಅಂದ್ರ ಹಂಗಿರಬೇಕು.

ನೀಲಕ್ಕ: ಅಂದ್ರ, ನಾ ಅಳಬೇಕನು?

ಕುಬೇರಪ್ಪ: ಅಳಬೇಕು ಅಂತಲ್ಲ. ಬಂದ್ರ ತಡಕೋಬ್ಯಾಡ.

ನೀಲಕ್ಕ ಕಣ್ಣು ಪಿಳಿಪಿಳಿ ಮಾಡಿ, ಅಳು ಬರುತ್ತದೆಯೋ ಎಂದು ನೋಡಿದಳು.

ನೀಲಕ್ಕ: ಬರವಲ್ದು.

ಕುಬೇರಪ್ಪ: ಹೋಗ್ಲಿ ಬಿಡು. ಆದ್ರ ಜೋಡಿಗೆ ಯಾರೂ ಇಲ್ಲದ ನಾ ಹೆಂಗ ಹೋಗ್ಲಿ? ಗುರತಿಲ್ಲದ ಮಂದಿ. ಈ ಚೀಲರ ಒಬ್ಬನ ಕೈಲೆ ಏಳೂದಾ? ನೋಡಿಲ್ಲೆ, ಏನೇನ್ ತುಂಬೀದಿ ನೋಡಿಲ್ಲೆ!

ಸಿಟ್ಟಿನಲ್ಲಿ ಮಾಸ್ತರರು ಚೀಲದ ಬಾಯಿ ಬಿಚ್ಚಿ ಒಂದೊಂದಾಗಿ ಹೊರಗೆ ಎಳೆದರು. ಕಟಕ ರೊಟ್ಟಿಯ ಗಂಟು ಬಂತು. ಶೇಂಗಾ ಹಿಂಡಿ, ಅಗಸಿ ಹಿಂಡಿಯ ಚಟ್ನಿಪುಡಿಗಳು ಬಂದವು. ಮಫ್ಲರು, ವಿಭೂತಿ ಗಟ್ಟಿ, ಉಣ್ಣೆಯ ಕಾಲುಚೀಲ ಬಂದವು. ತಳಕ್ಕೆ ಕೈ ಹಾಕಿದರೆ ಮೆತ್ತಗೆ ಏನೋ ಹತ್ತಿತು. ಎಳೆದರು. ಕೆಂಪು ಸೆರಗಿನ ಇಳಕಲ್ ಸೀರೆ. ಅದರ ಕೆಳಗೆ ಇನ್ನೊಂದು.

ಕುಬೇರಪ್ಪ: ಇವು ಯಾರ್ವು?

ನೀಲಕ್ಕ: ನನ್ನವು.

ಕುಬೇರಪ್ಪ: ನನ್ನ ಚೀಲದಾಗ ಯಾಕ ಅದಾವು?

ನೀಲಕ್ಕ: ನಾನೂ ಸೋಮವಾರನ ಹೊಂಟೇನಿ.

ಮಾಸ್ತರರು ಮಾಬುಸಾಬನ ಮುಖ ನೋಡಿದರು. ಮಾಬುಸಾಬ ಹತ್ತಿಯ ಕಡೆ ನೋಡಿದ.

ನೀಲಕ್ಕ: ಮಡಿವಾಳೆಪ್ಪ ಮಾಸ್ತರರ ಜಾಗಾ ಖಾಲಿ ಬಿತ್ತಲ್ಲ. ಶುಕ್ರವಾರ ಹುಬ್ಬಳ್ಳಿಗೆ ಹೋಗಿ ನನ್ನ ಹೆಸರು ಹಚ್ಚಿ ಬಂದೆ. ಇನ್ನೂ ನಾಕ ಮಂದಿ ಹೆಣ್ಮಕ್ಕಳು ಅದಾರಂತ. ನನಗ ಬ್ಯಾರೆ ಚೀಲ ಸ್ಟೇಷನ್ದಾಗ ಕೊಡತಾರಂತ.

ಕುಬೇರಪ್ಪ: ಅಲ್ಲ, ಮಲಗೂ ಚೀಲ?

ಮಾಬುಸಾಬ: ಅಕ್ಕಾರದು ಮೊನ್ನೇನ ಹೊಲದಿಟ್ಟೇನ್ರಿ ಸರ. ಮಲಗೂ ಹೊರಸಿನ ಬುಡಕ ಐತಿ.

ಕುಬೇರಪ್ಪ: ನನಗೊಂದ್ ಮಾತು ಹೇಳಬಾರದನ?

ನೀಲಕ್ಕ: ಹೇಳಿದ್ರ ಬ್ಯಾಡ ಅಂತಿದ್ರಿ. ನಮ್ಮೂರಾಗ ನಾಯಿಗೆ ಒಗಿಯಾಕ ಒಂದ್ ಕಲ್ಲು ಸಿಗೂದಿಲ್ಲ, ಹಂಥಾ ಎರಿ ಭೂಮಿ. ಲಗ್ನಾಗಿ ಬಂದಾಗಿಂದ ನಾ ಎತ್ತರ ಅಂತ ಏರಿದ್ದು ಮಾಳಗಿ ಒಂದ, ಅದೂ ಸಂಡಿಗಿ ಒಣ ಹಾಕಾಕ. ನೀವು ಬರದ ಬರದ ಒರಸ್ತೀರಲ್ಲ, ಆ ಗುಡ್ಡ ನಾನೂ ಒಂದ್ ಸಲ ಕಣ್ಣಿಲೆ ನೋಡಬೇಕು.

ಇಷ್ಟು ವರ್ಷದಲ್ಲಿ ಆಕೆ ತನಗೆಂದು ಏನಾದರೂ ಬೇಡಿದ್ದು ಮಾಸ್ತರರಿಗೆ ನೆನಪಾಗಲಿಲ್ಲ. ಬಹಳ ನಾಚಿಕೆಯಾಯಿತು. ಆದರೆ ನಾಚಿಕೆ ಬಂದಿತೆಂದು ಅಂಜಿಕೆಯೇನೂ ಎದ್ದು ಜಾಗ ಬಿಟ್ಟುಕೊಡಲಿಲ್ಲ.

ಕುಬೇರಪ್ಪ: ನೀಲಾ, ಖರೇ ಹೇಳತೇನಿ. ನನಗ ಅಂಜಿಕಿ ಬರತೈತಿ.

ನೀಲಕ್ಕ: ಗೊತ್ತೈತಿ.

ಕುಬೇರಪ್ಪ: ಯಾವಾಗಿಂದ ಗೊತ್ತೈತಿ?

ನೀಲಕ್ಕ: ಮುಂಜಾನೆ ಕನ್ನಡಿ ಮುಂದ ನಿಂತು, ದೈವದಾಗ ಇರಲಿಲ್ಲ ಅಂತ ಉಸರ ಹಾಕೂದು ರೂಢಿ ಮಾಡತಿದ್ರಿ. ಅಡಗಿ ಮನಿತನ ಕೇಳತಿತ್ತು.

ಕುಬೇರಪ್ಪ: ಹಂಗಾರ ನಾ ಬರೂದಿಲ್ಲ. ನೀ ಹೋಗಿ ಬಾ.

ಹೀಗೆಂದು ಅವರು ಹೆಂಡತಿಯ ಮುಖ ನೋಡಿದರು. ಈಗಲಾದರೂ ಅಳುವ ಅವಕಾಶವಿತ್ತು. ನೀಲಕ್ಕ ಸೀರೆಗಳನ್ನು ಮಡಚಿ ಮೊದಲಿನ ಜಾಗದಲ್ಲೇ ಇಟ್ಟಳು.

ನೀಲಕ್ಕ: ಒತ್ತಾಯಿಲ್ಲ. ಇರ್ರಿ ಮನ್ಯಾಗ. ನಾ ಬರೂತನ ಎರಡೂ ಹೊತ್ತು ಎಮ್ಮಿ ಹಿಂಡ್ರಿ. ಒದಿತೈತಿ, ಜ್ವಾಕಿ.

ಕುಬೇರಪ್ಪ: ಎಮ್ಮಿ ಗೌಸಬಿ ಹಿಂಡಬಾರದನ? ಏನೋ ಮಾಬುಸಾಬ, ನಿನ್ನ ಹೆಂಡತಿ ಹೂಂ ಅನ್ನೂದಿಲ್ಲನ?

ಮಾಬುಸಾಬ: ಅಕ್ಕಾರಿಗೆ ಮೊದಲ ಹೂಂ ಅಂದಾಳ್ರಿ. ಮನ್ಯಾಗ ಯಾರೂ ಇಲ್ಲಂದ್ರ ಹಿಂಡತೇನಿ ಅಂದಾಳ. ಗಂಡಸು ಅರಾಮ ಕುಂತಾಗ ನಮ್ಮಾಕಿ ಯಾಕ ಒದಿಸಿಕೊಳ್ಳಬೇಕ್ರಿ ಸರ?

ಹಿತ್ತಲಿನ ಗೋಡೆಯಾಚೆಯಿಂದ ಎಮ್ಮೆ ಒಮ್ಮೆ ಕೂಗಿತು. ಮಾಸ್ತರರು ಅತ್ತ ನೋಡಿದರು. ಎಮ್ಮೆಯನ್ನೂ ಹಿಮಾಲಯವನ್ನೂ ಮನಸ್ಸಿನಲ್ಲೇ ಅಕ್ಕಪಕ್ಕ ನಿಲ್ಲಿಸಿ ತೂಗಿ ನೋಡಿದರು.

ಕುಬೇರಪ್ಪ: ಹೋಗೂಣು ನಡಿ ನೀಲಾ. ಹಿಮಾಲಯ ಯಾರನ್ನರ ಒದ್ದಿದ್ದು ಭೂಗೋಳದಾಗ ಎಲ್ಲೂ ಬರದಿಲ್ಲ.