ಕಾಕಾನ ಒಲೆಯೂ ದ್ವೀಪದ ಕುಕಿಯೂ

ನಮ್ಮ ಕಾಕಾನಿಗೆ ಒಲೆ ಆರಿಸಲು ಬರುವುದಿಲ್ಲ! ಒಲೆ ಹೊತ್ತಿಸಲು ಬಾರದ ಗಂಡಸರು ನಮ್ಮ ಧಾರವಾಡದ ಕಡೆ ಮನೆಗೊಬ್ಬರು ಸಿಗುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಹೊತ್ತಿಸಿದ್ದನ್ನು ಆರಿಸಲು ಬಾರದ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಆ ಒಲೆಯಲ್ಲಿ ಬೆಂದದ್ದನ್ನು ತಿಂದು, ಹಲ್ಲು ಉಳಿಸಿಕೊಂಡು, ಈಗ ಇದನ್ನು ಬರೆಯುತ್ತಿದ್ದೇನೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ನನ್ನನ್ನು ಮಾತ್ರ ನಮ್ಮ ಕಡೆಯ ರೂಢಿಯಂತೆ 'ತಂಗಿ' ಎಂದೇ ಕರೆಯುವವ. ವಿಶಾಖಪಟ್ಟಣದ ಕಡೆ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕಲ್ಲಿದ್ದಲನ್ನು ಬೇಯಿಸಿ ಕೋಕ್ ಮಾಡುವ ಭಟ್ಟಿಗಳ ಎಂಜಿನಿಯರ್ ಆಗಿದ್ದವ. ಆ ಭಟ್ಟಿಗಳದ್ದೊಂದು ವಿಚಿತ್ರ ಸ್ವಭಾವವಂತೆ. ಒಮ್ಮೆ ಹೊತ್ತಿಸಿದರೆ ಮುಗಿಯಿತು, ಅವುಗಳ ಆಯುಷ್ಯ ತೀರುವ ತನಕ ಆರಿಸುವ ಹಾಗಿಲ್ಲ. ತಣ್ಣಗಾದರೆ ಒಳಗಿನ ಇಟ್ಟಿಗೆಗಳು ಸೀಳಿಹೋಗುತ್ತವಂತೆ. ಹಬ್ಬ ಬರಲಿ, ಮುಷ್ಕರ ಬರಲಿ, ಸಮುದ್ರದಿಂದ ಚಂಡಮಾರುತವೇ ಎದ್ದು ಬರಲಿ, ಯಾರಾದರೂ ಒಬ್ಬರು ಅದರ ಮುಂದೆ ನಿಂತು ಬಿಸಿ ಕಾಯಬೇಕು. ನಮ್ಮ ಕಾಕಾ ತನ್ನ ಪ್ರಾಯವನ್ನೆಲ್ಲ ಹೀಗೆ ಬಿಸಿ ಕಾಯುವುದರಲ್ಲೇ ಕಳೆದ. ಅವನ ಮದುವೆಗೂ ಪಾಳಿ ಬದಲಾಯಿಸಿಕೊಂಡೇ ಬಂದಿದ್ದನಂತೆ!

ನಿವೃತ್ತನಾದ ಮೇಲೆ ವಿಶಾಖಪಟ್ಟಣದ ಅಂಚಿನ ಮಧುರವಾಡದಲ್ಲಿ ಒಂದು ಫ್ಲ್ಯಾಟು ಕೊಂಡ. ಆಗಿನ್ನೂ ಅಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಎಮ್ಮೆಗಳು ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡು ಬೆಚ್ಚುತ್ತಿದ್ದ ಕಾಲ. ಕಾಕಾನದು ಕಟ್ಟಕಡೆಯ ಮಹಡಿ, ಮೇಲೆ ತಾರಸಿ. ಎಲ್ಲಿಂದಲೋ ಬೆಂಕಿ ತಡೆಯುವ ಇಟ್ಟಿಗೆಗಳನ್ನು ತಂದು ಆ ತಾರಸಿಯ ಮೂಲೆಯಲ್ಲಿ ತನ್ನ ಕೈಯಾರೆ ಒಂದು ಒಲೆ ಕಟ್ಟಿದ. ಬಾಗಿಲಿಗೆ ಕಬ್ಬಿಣದ ತಗಡು, ತಲೆಗೆ ಚಿಮಣಿ. ಇದ್ದಿಲು ತುಂಬಿ, ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಹೊತ್ತಿಸಿದ. ಅಷ್ಟೇ. ಅವತ್ತಿನಿಂದ ಆರಿಸಲೇ ಇಲ್ಲ!

"ಕಾಕಾ, ಇದು ಕಾರ್ಖಾನಿ ಭಟ್ಟಿ ಅಲ್ಲ. ರಾತ್ರಿ ಆರಿಸಿ ಮುಂಜಾನೆ ಹಚ್ಚಬಹುದಲ್ಲ?" ಎಂದು ನಾನು ಕೇಳಿದೆ.

"ಇಟ್ಟಿಗಿ ಸೀಳ್ತಾವ" ಎಂದ.

"ಸೀಳಿದ್ರ ಬ್ಯಾರೆ ಹಾಕಿದ್ರಾತು."

ಕಾಕಾ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನಾನು ಹೆತ್ತ ತಾಯಿಯನ್ನು ಬದಲಾಯಿಸೋಣ ಎಂದಿದ್ದೆನೇನೋ ಅನ್ನಬೇಕು.

ಇಷ್ಟಕ್ಕೂ ಆ ಒಲೆಯಲ್ಲಿ ಬೇಯುತ್ತಿದ್ದದ್ದೇನು? ಕುಕಿ! ದ್ವೀಪದ ಕುಕಿ. ಹಸಿ ತೆಂಗಿನ ತುರಿ, ಅನಾನಸಿನ ಮುರಬ್ಬ, ನಿಂಬೆಯ ಸಿಪ್ಪೆ, ಮೈದಾ, ಬೆಲ್ಲ, ಬೆಣ್ಣೆ, ಗೋಡಂಬಿ, ಮೇಲಿಷ್ಟು ಜಾಜಿಕಾಯಿ. ಈ ಪಾಕ ಅವನಿಗೆ ಹೇಳಿಕೊಟ್ಟವಳು ಪೋರ್ಟ್ ಬ್ಲೇರಿನಲ್ಲಿರುವ ಅವನ ಒಬ್ಬಳೇ ಮಗಳು ಸುಮಾ. ಇಲ್ಲಿಂದ ಕಥೆ ಸ್ವಲ್ಪ ಬಿಗಿಯಾಗುತ್ತದೆ, ಕೇಳಿ.

ಸುಮಾ ಅಂಡಮಾನಿನ ಹುಡುಗನೊಬ್ಬನನ್ನು ಮೆಚ್ಚಿ, ರಿಜಿಸ್ಟರ್ ಮದುವೆಯಾಗಿ ಹಡಗು ಹತ್ತಿದ್ದಳು. ಹುಡುಗ ಬಂದರಿನಲ್ಲಿ ದೋಣಿಗಳ ಎಂಜಿನ್ ನೋಡಿಕೊಳ್ಳುವವ. ಅಜ್ಜ ಒಂದು ಕಡೆಯವ, ಅಜ್ಜಿ ಇನ್ನೊಂದು ಕಡೆಯವಳು, ಮನೆಯಲ್ಲಿ ಮಾತಾಡುವುದು ಹಿಂದಿ, ತಿನ್ನುವುದು ಮೀನು. "ಹುಡುಗ ಯಾರ ಪೈಕಿ?" ಎಂದು ಕಾಕು ಕೇಳಿದ್ದಳಂತೆ. ಕಾಕು ಎಂದರೆ ಕಾಕಾನ ಹೆಂಡತಿ. "ದ್ವೀಪದವರ ಪೈಕಿ" ಎಂದು ಕಾಕಾ ಉತ್ತರ ಕೊಟ್ಟಿದ್ದ. ಕಾಕುವಿಗೆ ಆ ಪೈಕಿ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅವತ್ತೇ ಮಗಳ ಹೆಸರು ಎತ್ತುವುದನ್ನು ಬಿಟ್ಟಳು. ಭಾನುವಾರ ಸುಮಾನ ಫೋನು ಬಂದರೆ ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸುತ್ತಿದ್ದಳು. ಆಮೇಲಾಮೇಲೆ ಯಾವ ದಿನ ರಿಂಗಾದರೂ ಆ ಫೋನನ್ನು ಮುಟ್ಟುವುದನ್ನೇ ನಿಲ್ಲಿಸಿದಳು.

ಧಾರವಾಡದ ಬಳಗವಂತೂ ಸುಮಾ ಹುಟ್ಟಿಯೇ ಇರಲಿಲ್ಲವೇನೋ ಎಂಬಂತೆ ನಡೆದುಕೊಂಡಿತು. ಕಾಕಾ ಸುಮ್ಮನಿರುವ ಜಾತಿಯೇ? "ಹೆಸರು ಎತ್ತೂದಿಲ್ಲೇನು? ಬ್ಯಾಡ ಬಿಡ್ರಿ. ಆ ಊರನ್ನ ನಿಮ್ಮ ಬಾಯಾಗ ಹಾಕ್ತೀನಿ" ಎಂದು ಹಟ ಹಿಡಿದ. ಕಾಕುವೂ ಕಡಿಮೆಯವಳಲ್ಲ. "ನನ್ನ ಅಡಿಗಿಮನ್ಯಾಗ ಆ ದ್ವೀಪ ಬರೂದು ಬ್ಯಾಡ" ಎಂದಳು. ಹಾಗಾಗಿ ದ್ವೀಪ ತಾರಸಿಗೆ ಹೋಯಿತು.

ನಾನು ಆಗ ವಿಜಯವಾಡದ ಗವರ್ನರ್‌ಪೇಟೆಯ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ರಜೆ ಸಿಕ್ಕಿದಾಗಲೆಲ್ಲ ರೈಲು ಹತ್ತಿ ಕಾಕಾನ ಮನೆಗೆ ಓಡುತ್ತಿದ್ದೆ. ಮೊದಲ ಕುಕಿಗಳು ಒಲೆಯಿಂದ ಇಳಿದ ದಿನವೂ ಅಲ್ಲೇ ಇದ್ದೆ, ನನ್ನ ಹಣೆಬರಹ! ಕಾಕಾ ಅವನ್ನು ತಿನ್ನಲು ಕೊಡಲಿಲ್ಲ. ಒಂದು ಹಳೆಯ ಎಣ್ಣೆ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಮೆಟ್ಟಿಲ ಮೇಲಿಂದ ಉರುಳಿಸಿಬಿಟ್ಟ! ಡಬ್ಬಿ ಢಣಢಣ ಎನ್ನುತ್ತ ಮಹಡಿ ಮಹಡಿ ಇಳಿದು ವಾಚ್‌ಮನ್ನನ ಕಾಲ ಬಳಿ ಹೋಗಿ ನಿಂತಿತು. ಪ್ರತಿ ಮಹಡಿಯ ಬಾಗಿಲೂ ತೆರೆಯಿತು.

"ಕಾಕಾ, ಏನಿದು?"

"ಕೋಕ್ ಗಟ್ಟಿ ಅದನೋ ಇಲ್ಲೋ ಅಂತ ಹಿಂಗ ಡ್ರಮ್ಮಿನ್ಯಾಗ ಹಾಕಿ ತಿರುಗಿಸಿ ನೋಡ್ತೀವಿ. ಒಡೀಲಿಲ್ಲ ಅಂದ್ರ ಮಾಲು ಛಲೋ."

ಒಂದೂ ಒಡೆದಿರಲಿಲ್ಲ. ಕಾಕಾನ ಮುಖದಲ್ಲಿ ಆ ದಿನ ಕಂಡ ಸಂತೋಷವನ್ನು ನಾನು ಅವನ ಷಷ್ಟ್ಯಬ್ದಿಯಲ್ಲೂ ಕಾಣಲಿಲ್ಲ. ವಾಚ್‌ಮನ್ ಒಂದನ್ನು ಕಚ್ಚಿ ನೋಡಿ, ಸಭ್ಯವಾಗಿ ಜೇಬಿಗೆ ಹಾಕಿಕೊಂಡ. ಮರುದಿನ ಅದನ್ನೇ ಗೇಟು ಸರಿಯದಂತೆ ಕೆಳಗೆ ಒತ್ತುಕೊಟ್ಟಿದ್ದನ್ನು ಕಣ್ಣಾರೆ ನೋಡಿದೆ.

ಎರಡನೆಯ ಸಲ ಮೆತ್ತಗೆ ಮಾಡುತ್ತೇನೆಂದು ಹೊರಟು, ಒಲೆಯಿಂದ ತೆಗೆದ ಬಿಸಿ ಕುಕಿಗಳ ಮೇಲೆ ನಿಂಬೆಯ ನೀರು ಎರಚಿದ. ಕೋಕನ್ನೂ ಹೀಗೆಯೇ ತಣಿಸುತ್ತಾರಂತೆ. ಆ ಕುಕಿಗಳನ್ನು ಚಮಚದಲ್ಲಿ ತಿನ್ನಬೇಕಾಯಿತು. ಆದರೆ ಬಿಡುವ ಮನುಷ್ಯನೇ ಅಲ್ಲ. ಒಲೆ ಆರಿಸುವ ಹಾಗಿಲ್ಲವಲ್ಲ, ಬಿಸಿ ದಂಡವಾಗಬಾರದು, ಹಾಗಾಗಿ ದಿನವೂ ಬೇಯಿಸಲೇಬೇಕು. ಹೀಗೆ ಕೆಡಿಸಿ ಕೆಡಿಸಿಯೇ ಒಂದು ದಿನ ಸರಿಯಾಗಿ ಬಂದವು. ಅಂಚು ಗರಿಗರಿ, ನಡುವೆ ಮೆತ್ತಗೆ, ಕಚ್ಚಿದರೆ ಮೊದಲು ತೆಂಗು, ಆಮೇಲೆ ಅನಾನಸಿನ ಹುಳಿ, ಕೊನೆಗೆ ನಾಲಿಗೆಯ ತುದಿಗೆ ಒಂದಿಷ್ಟು ಉಪ್ಪು. ಸುಳ್ಳೇಕೆ ಹೇಳಲಿ, ನಾನೊಬ್ಬಳೇ ಅರ್ಧ ತಟ್ಟೆ ಮುಗಿಸಿದೆ. ಕಾಕು ಮಾತ್ರ ಒಂದನ್ನೂ ಮುಟ್ಟಲಿಲ್ಲ. ಕಾಕಾ ದಿನವೂ ಒಂದನ್ನು ಅವಳ ಚಹದ ಬಟ್ಟಲಿನ ಪಕ್ಕ ಇಡುತ್ತಿದ್ದ, ದಿನವೂ ಅದು ಕಾಗೆಗೆ ಹೋಗುತ್ತಿತ್ತು. ಮಧುರವಾಡದ ಕಾಗೆಗಳಷ್ಟು ಪುಣ್ಯ ಮಾಡಿದ ಕಾಗೆಗಳು ಎಲ್ಲೂ ಇರಲಿಕ್ಕಿಲ್ಲ.

ಇನ್ನು ಅಪಾರ್ಟ್‌ಮೆಂಟಿನ ಸಂಘದವರು ಸುಮ್ಮನಿರುತ್ತಾರೆಯೇ? ಕಾರ್ಯದರ್ಶಿ ಮೀಟಿಂಗ್ ಕರೆದರು. "ಸಾರ್, ಪೊಗ ಎಕ್ಕುವಗಾ ವಸ್ತೋಂದಂಡಿ" ಎಂದು ಹೊಗೆಯ ದೂರು ಎತ್ತಿದರು. ಒಣಹಾಕಿದ ಬಟ್ಟೆಗಳಲ್ಲೆಲ್ಲ ಇದ್ದಿಲ ವಾಸನೆಯಂತೆ.

"ಸಂಕ್ರಾಂತಿಯ ಭೋಗಿ ಬೆಂಕಿಗೆಂದು ಇದೇ ಗೇಟಿನ ಮುಂದೆ ಟೈರು ಸುಟ್ಟದ್ದು ಯಾರು?" ಎಂದು ಕಾಕಾ ತೆಲುಗಿನಲ್ಲೇ ಗುಡುಗಿದ. ಅವನ ತೆಲುಗು ಕಾರ್ಖಾನೆಯದು, ಯಂತ್ರಗಳ ಸದ್ದಿನ ಮೇಲೆ ಕೇಳಿಸಲೆಂದು ಕಲಿತದ್ದು.

"ಅದು ವರ್ಷಕ್ಕೆ ಒಂದು ದಿನ ಸಾರ್!"

"ನನ್ನದೂ ಒಂದೇ ಸಲ ಹಚ್ಚಿದ ಬೆಂಕಿ. ಎರಡನೇ ಸಲ ಹಚ್ಚಿದ್ದೇನೆಂದು ಯಾರಾದರೂ ತೋರಿಸಿ ನೋಡೋಣ!"

ಈ ವಾದಕ್ಕೆ ಸಂಘದ ನಿಯಮಗಳಲ್ಲಿ ಉತ್ತರವಿರಲಿಲ್ಲ. ಕಾಕಾ ಎಲ್ಲರ ಕೈಗೂ ಎರಡೆರಡು ಕುಕಿ ಇಟ್ಟು ಹೊರಬಂದ. ಕಾರ್ಯದರ್ಶಿಯವರ ಹೆಂಡತಿ ಹಿಂದೆಯೇ ಬಂದು, ಗಂಡನಿಗೆ ಕೇಳಿಸದ ಹಾಗೆ, ಇನ್ನೂ ನಾಲ್ಕು ಕೊಡುತ್ತೀರಾ ಎಂದು ಕೇಳಿದರು.

ಕಾಕಾನ ಸಾಹಸ ತುತ್ತತುದಿ ಮುಟ್ಟಿದ್ದು ಮಾತ್ರ ವಿಜಯವಾಡದಲ್ಲಿ. ನನ್ನ ಅಣ್ಣ ಅಲ್ಲೇ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಿದ್ದ. ಧಾರವಾಡದ ಬಳಗ ರೈಲಿನ ಬೋಗಿ ತುಂಬ ಬಂದಿಳಿಯಿತು. ಮುಂದಾಳು ನಮ್ಮ ಅತ್ಯಾ, ಅಂದರೆ ಅಪ್ಪನಿಗೂ ಕಾಕಾನಿಗೂ ಅಕ್ಕ. ಸುಮಾನ ಹೆಸರು ಎತ್ತಕೂಡದೆಂದು ಅಪ್ಪಣೆ ಹೊರಡಿಸಿದವಳು ಇವಳೇ. ಕಾಕು ಮೊಣಕಾಲು ನೋವೆಂದು ಬರಲಿಲ್ಲ. ಮಂದಿ ಕೇಳುವ ಪ್ರಶ್ನೆಗೆ ಹೆದರಿದ್ದಳು ಎಂದು ನಮಗೆಲ್ಲ ಗೊತ್ತಿತ್ತು. ಕಾಕಾ ಒಲೆಯನ್ನು ವಾಚ್‌ಮನ್ನನಿಗೆ ಒಪ್ಪಿಸಿ, ಒಂದು ದೊಡ್ಡ ಡಬ್ಬಿ ಹೊತ್ತು ಬಂದಿದ್ದ.

ಮಧ್ಯಾಹ್ನ ಪಂಕ್ತಿ ಕೂತಿತು. ಮಡಿ ಉಟ್ಟು ಬಡಿಸುವವರ ಸಾಲಿನಲ್ಲಿ ಕಾಕಾನೂ ಇದ್ದ. ಹೋಳಿಗೆ ಬಂತು, ತುಪ್ಪ ಬಂತು. ಅದರ ಹಿಂದೆಯೇ ಕಾಕಾ ಸ್ಟೀಲಿನ ಬಕೀಟು ಹಿಡಿದು ಬಂದು, ಕೇಳದೆ, ತಡೆಯದೆ, ಎಲೆಯೆಲೆಗೂ ಟಪ್ ಟಪ್ ಎಂದು ಎರಡೆರಡು ಹಾಕುತ್ತ ಹೋದ.

"ಏನೋ ಇದು?" ಎಂದಳು ಅತ್ಯಾ.

"ಕುಕಿ, ಅಕ್ಕಾ. ಸುಮಾನ ಊರಿಂದು."

ಪಂಕ್ತಿಯಲ್ಲಿ ಸಾರು ಸುರಿಯುವ ಸದ್ದು ನಿಂತಿತು. ಅತ್ಯಾನ ಕೈ ಎಲೆಯ ಮೇಲೆ ಹಾಗೇ ನಿಂತುಬಿಟ್ಟಿತು.

"ತಗಿ ಇದನ್ನ."

"ಎಲಿಗೆ ಬಿದ್ದದ್ದು ಬಿಡಬಾರದು ಅಂತ ಬೆನ್ನಿಗೆ ಗುದ್ದಿ ಕಲಿಸಿದಾಕಿ ನೀನ. ಈಗ ನೀನ ಬಿಡ್ತೀಯಾ? ಬಿಡು, ಎಲ್ಲಾರೂ ನೋಡ್ಲಿ."

ಎಂಥ ಇಕ್ಕಟ್ಟು ನೋಡಿ! ಒಂದು ಕಡೆ ಅವಳದೇ ಅಪ್ಪಣೆ, ಇನ್ನೊಂದು ಕಡೆ ಅವಳದೇ ಶಾಸ್ತ್ರ. ಅತ್ಯಾ ಮುಖ ಕಹಿ ಮಾಡಿಕೊಂಡು ಒಂದು ಚೂರು ಮುರಿದು ಬಾಯಿಗಿಟ್ಟಳು. ಪಂಕ್ತಿಯೂ ಒಬ್ಬೊಬ್ಬರಾಗಿ ಬಾಯಿಗಿಟ್ಟಿತು. ತುಸು ಹೊತ್ತಿನ ಮೇಲೆ ಅತ್ಯಾ ಕೇಳಿದಳು:

"ಸಿಹಿ ತಿಂಡಿಗೆ ಉಪ್ಪು ಯಾಕ ಹಾಕೀಯೋ?"

"ಸುತ್ತಲೂ ಸಮುದ್ರ ಇರೂ ಊರು, ಅಕ್ಕಾ."

ಅತ್ಯಾನ ಎಲೆ ಎತ್ತುವಾಗ ನಾನೇ ನೋಡಿದೆ, ಒಂದು ಪುಡಿಯೂ ಉಳಿದಿರಲಿಲ್ಲ.

ಕಾಕಾ ಗೆದ್ದ ಕುಸ್ತಿಪಟುವಿನ ಹಾಗೆ ಕೈ ತೊಳೆಯುತ್ತಿದ್ದಾಗ ಅವನ ಮೊಬೈಲು ರಿಂಗಾಯಿತು. ಆ ಕಡೆ ವಾಚ್‌ಮನ್. ಒಲೆಗೆ ಇದ್ದಿಲು ಹಾಕಕೂಡದೆಂದು ಕಾರ್ಯದರ್ಶಿ ಅವನಿಗೆ ತಾಕೀತು ಮಾಡಿದ್ದರು. ನಾಳೆ ತಾವೇ ಬಂದು ನೀರು ಸುರಿಯುತ್ತಾರಂತೆ.

ಕಾಕಾ ಅಲ್ಲೇ ಮೆಟ್ಟಿಲ ಮೇಲೆ ಕೂತ. ಮನೆಗೆ ಮತ್ತೆ ಮತ್ತೆ ಫೋನು ಮಾಡಿದ, ಯಾರೂ ಎತ್ತಲಿಲ್ಲ. ಯಾರು ಎತ್ತಬೇಕು? ಕಾಕುವಂತೂ ಫೋನು ಮುಟ್ಟುವವಳಲ್ಲ. ಮರುದಿನ ಬೆಳಗಿನ ರೈಲಿಗೆ ಹೊರಟೇಬಿಟ್ಟ. ಅವನ ಮುಖ ನೋಡಿ ನಾನೂ ಜೊತೆಗೆ ಹತ್ತಿದೆ.

ತುನಿ ಸ್ಟೇಷನ್ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ, "ತಂಗಿ, ಇಟ್ಟಿಗಿ ಹೋದ್ರ ಹೋಗ್ಲಿ" ಎಂದ. "ಆದ್ರ ಆ ಒಲಿ ಇತ್ತು ಅಂತ ನಿಮ್ಮ ಕಾಕು ದಿನಾ ಬೈತಿದ್ಲು. ಬೈಯೂ ನೆವದಾಗಾದ್ರೂ ಆಕಿ ಮನಸಿನ್ಯಾಗ ಸುಮಾ ಬಂದು ಹೋಗ್ತಿದ್ಲು. ಅದೂ ಆರಿದ್ರ ನಮ್ಮ ಮನ್ಯಾಗ ನನ್ನ ಮಗಳು ಎಲ್ಲಿ ಉಳೀತಾಳ?"

ನಾನು ಕಿಟಕಿಯ ಕಡೆ ತಿರುಗಿ ಕೂತೆ.

ವಿಶಾಖಪಟ್ಟಣದಲ್ಲಿ ಇಳಿದು ಆಟೋ ಹಿಡಿದು ಮಧುರವಾಡ ಮುಟ್ಟುವಾಗ ನಡುಮಧ್ಯಾಹ್ನ. ಕಾಕಾ ಮನೆಯ ಬಾಗಿಲನ್ನೂ ನೋಡದೆ ನೇರ ತಾರಸಿಗೆ ಹತ್ತಿದ. ಹಿಂದೆಯೇ ಹತ್ತಿದ ನಾನು ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟೆ.

ಚಿಮಣಿಯಿಂದ ಹೊಗೆ ಏಳುತ್ತಿತ್ತು! ಒಲೆಯ ಮುಂದೆ, ಸುಡುಬಿಸಿಲಿನಲ್ಲಿ, ಮಣೆ ಹಾಕಿಕೊಂಡು ಕಾಕು ಕೂತಿದ್ದಳು. ಮೊಣಕಾಲು ನೋವಿನ ನಮ್ಮ ಕಾಕು! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕೈಗೆಲ್ಲ ಮಸಿ ಹತ್ತಿತ್ತು. ಎದುರಿಗೆ ಎರಡು ಬಕೀಟು ನೀರಿಟ್ಟುಕೊಂಡು ಕಾರ್ಯದರ್ಶಿ ನಿಂತಿದ್ದರು. ಊರಿಗೆ ಬಂದು ಇಷ್ಟು ವರ್ಷವಾದರೂ ಕಾಕು ತೆಲುಗಿನಲ್ಲಿ ತರಕಾರಿ ಕೊಳ್ಳುವಷ್ಟೇ ಕಲಿತವಳು. ಈಗ ಆಡುತ್ತಿದ್ದದ್ದು ಅಚ್ಚ ಧಾರವಾಡದ ಮಾತು.

"ನೀರು ಹಾಕ್ತೀ? ಹಾಕು. ಮೊದ್ಲು ನನ್ನ ತಲೀ ಮ್ಯಾಲ ಹಾಕು. ಇದು ನನ್ನ ಮಗಳ ಒಲಿ. ನಾ ಇಲ್ಲಿ ಕೂತಿರೂ ತನಕ ಯಾಂವ ಆರಿಸ್ತಾನ ನೋಡೇಬಿಡ್ತೀನಿ!"

"ಸಾರ್, ಅಮ್ಮಗಾರು ಏಮಂಟುನ್ನಾರು?" ಎಂದು, ಅವಳು ಅಂದದ್ದೇನೆಂದು ತಿಳಿಯದ ಕಾರ್ಯದರ್ಶಿ ಕಾಕಾನ ಕಡೆ ತಿರುಗಿ ಕೇಳಿದರು.

ಎಂಥ ಮೀಟಿಂಗಿನಲ್ಲೂ ಸೋಲದ ನಮ್ಮ ಕಾಕಾನಿಗೆ ಅದನ್ನು ತೆಲುಗಿನಲ್ಲಿ ಹೇಳಲು ಬಾಯೇ ಬರಲಿಲ್ಲ. "'ನನ್ನ ಮಗಳು' ಅಂದ್ಲು" ಎಂದು ಕನ್ನಡದಲ್ಲೇ ನನಗೆ ಹೇಳಿದ. ಕಾರ್ಯದರ್ಶಿ ನಮ್ಮ ಮೂವರ ಮುಖವನ್ನೂ ನೋಡಿದರು. ಆಮೇಲೆ ಬಕೀಟುಗಳನ್ನು ಎತ್ತಿಕೊಂಡು ಹೋಗಿ, ತಾರಸಿಯ ತುಳಸಿ ಕುಂಡಕ್ಕೂ ಮಲ್ಲಿಗೆ ಕುಂಡಕ್ಕೂ ಸುರಿದು ಕೆಳಗಿಳಿದರು.

ಕಾಕು ತಗಡಿನ ಬಾಗಿಲು ಸರಿಸಿ ಒಂದು ತಟ್ಟೆ ಹೊರಗೆಳೆದಳು. ಕುಕಿಗಳ ಅಂಚೆಲ್ಲ ಕರ್ರಗಾಗಿತ್ತು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದಳು.

"ಸುಟ್ಟಾವ. ಜಾಜಿಕಾಯಿನೂ ಹೆಚ್ಚಾಗೇದ" ಎಂದಳು. "ರೀ, ಆಕಿ ಎಷ್ಟು ಹಾಕು ಅಂದಿದ್ಲು?"

"ಅದು... ಒಂದು ಚಿಟಿಕಿ..." ಕಾಕಾ ತಡವರಿಸಿದ.

"ನಿಮಗೇನ ತಿಳೀತದ. ಫೋನ್ ಹಚ್ಚಿ ಕೊಡ್ರಿ, ನಾನ ಕೇಳ್ತೀನಿ."

ಕಾಕಾ ಮೊಬೈಲು ತೆಗೆದ. ಎರಡು ಸಲ ತಪ್ಪು ಗುಂಡಿ ಒತ್ತಿದ. ನಾನೇ ಇಸಿದುಕೊಂಡು ಒತ್ತಿ, ಕಾಕುವಿನ ಮಸಿಗೈಗೆ ಕೊಟ್ಟೆ. ಆ ಕಡೆಯಿಂದ "ಅಪ್ಪಾ?" ಎಂದದ್ದು ನಮಗೂ ಕೇಳಿಸಿತು. ಕಾಕು ಜಾಜಿಕಾಯಿಯ ಮಾತು ಎತ್ತಲೇ ಇಲ್ಲ. ಫೋನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಒಲೆಯ ಬಾಗಿಲು ಮುಚ್ಚಿ ಕೇಳಿದಳು:

"ಊಟ ಆತೇನವಾ?"