ಶುಂಠಿ ಮದ್ದಿಗೊಂದು ಲೈಸೆನ್ಸು

ಐಸ್ ತುಂಬಿದ ಥರ್ಮೋಕೋಲ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅರಕಲಗೂಡಿನಲ್ಲಿ ಹಾಸನದ ಬಸ್ಸು ಹತ್ತಿದ್ದೇ ಬಸವೇಶ ಮಾಡಿದ ತಪ್ಪು. ಅದರೊಳಗಿದ್ದದ್ದು ಶುಂಠಿಯ ಕೊಳೆರೋಗಕ್ಕೆ ಅವನೇ ತನ್ನ ಶೆಡ್ಡಿನಲ್ಲಿ ಬೆಳೆಸಿದ ಜೀವಾಣು ಮದ್ದಿನ ಎರಡು ಬಾಟಲಿ, ಲೈಸೆನ್ಸಿನವರಿಗೆ ತೋರಿಸುವ ಮಾದರಿ. ಸೆಕೆ ತಗುಲಿದರೆ ಜೀವಾಣುಗಳು ಸಾಯುತ್ತವೆ. ಮಳೆಗಾಲ ಶುರುವಾಗಿತ್ತು, ಲೈಸೆನ್ಸಿನ ಅರ್ಜಿಗೆ ಅವತ್ತೇ ಕೊನೆ ದಿನ. ತಪ್ಪಿದರೆ ಈ ವರ್ಷ ಶೆಡ್ಡಿಗೆ ಬೀಗ ಜಡಿಯಬೇಕಿತ್ತು.

ಪಕ್ಕದಲ್ಲಿ ಬಂದು ಕೂತವರು ಅವನ ಬೀದಿಯ ಹಿರಿಯರು, ಪಂಚಾಕ್ಷರಯ್ಯ. ಹಣೆ ತುಂಬ ವಿಭೂತಿ, ಕಣ್ಣು ತುಂಬ ಅನುಮಾನ.

"ಲೇ ಬಸವೇಶ, ಕೊರಳಲ್ಲಿ ಲಿಂಗ ಕಟ್ಕಂಡು ಮೀನ್ ಯಾಪಾರಕ್ಕೆ ಇಳ್ದುಬುಟ್ಟೇನ್ಲಾ?"

"ಮೀನಲ್ಲ ದೊಡ್ಡಪ್ಪ, ಔಷ್ದಿ!"

"ಔಷ್ದಿಗ್ಯಾಕ್ಲಾ ಐಸು? ತೆಗಿ ಮುಚ್ಚಳ!"

ಇಲ್ಲದ ವಾಸನೆಗೆ ಪದ್ಮಾವತಮ್ಮ ಎಂಬ ಜೈನರ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದಿನ ಸೀಟಿಗೆ ಹೋದರು. ಕಂಡಕ್ಟರು ಮೀನಿಗೆ ಲಗೇಜು ಟಿಕೆಟ್ ಹರಿದೇಬಿಟ್ಟ. ಕೊನೆಗೆ ಬಸ್ಸಿನವರೆಲ್ಲ ಸೇರಿ ಮುಚ್ಚಳ ತೆಗೆಸಿ, ಒಬ್ಬೊಬ್ಬರಾಗಿ ಕೈಹಾಕಿ ನೋಡುವಷ್ಟರಲ್ಲಿ ಅರ್ಧ ಐಸು ಬಸವೇಶನ ಪ್ಯಾಂಟಿನ ಮೇಲೆ ಕರಗಿತ್ತು. ಬಾಟಲಿ ಕಂಡು, ಲೈಸೆನ್ಸಿನ ವಿಷಯ ಕೇಳಿ ಪಂಚಾಕ್ಷರಯ್ಯನವರಿಗೆ ನಾಚಿಕೆಯಾಯಿತು.

"ತಪ್ಪಾಯ್ತು ಕಣ್ಲಾ. ನಾನೂ ಆಪೀಸಿಗೆ ಬತ್ತೀನಿ, ಸಾಕ್ಸಿ ಗೀಕ್ಸಿ ಬೇಕಾದ್ರೆ ಏಳ್ತೀನಿ."

ಬೇಡವೆಂದರೂ ಬಿಡಲಿಲ್ಲ. ಹಾಸನದಲ್ಲಿ ಜ್ಯೂಸ್ ಅಂಗಡಿಯಿಂದ ಐಸು ಬೇಡಿ ತುಂಬಿಸಿಕೊಂಡು ಇಬ್ಬರೂ ಲೈಸೆನ್ಸ್ ಕೊಡುವ ಕೃಷಿ ಕಚೇರಿ ಹೊಕ್ಕರು. ಗೋಡೆಯ ಮೇಲೆ 'ಜೀವವಿಜ್ಞಾನ ಉದ್ಯಮಿಗಳಿಗೆ ಸುಸ್ವಾಗತ' ಎಂಬ ಬಣ್ಣದ ಬೋರ್ಡು ನಗುತ್ತಿತ್ತು. ಬೋರ್ಡಿನ ಕೆಳಗೆ ಕೂತ ಸಾಹೇಬರು ನಗಲಿಲ್ಲ.

"ಎಲ್ಲಾ ಸರಿಯಾಗಿದೆ. ಎರಡು ವರ್ಷ ರೈತರಿಗೆ ಮಾರಿದ ಅನುಭವದ ಪುರಾವೆ ಎಲ್ಲಿ?"

ಬಸವೇಶನಿಗೆ ಮೈಯೆಲ್ಲ ಉರಿದುಹೋಯಿತು. ಆರು ತಿಂಗಳು ಅಲೆಸಿ, ಹನ್ನೊಂದು ಕಾಗದ ತರಿಸಿ, ಕೊನೆಯ ದಿನ ಹೇಳುವ ಮಾತೇ ಇದು?

"ಲೈಸೆನ್ಸಿಲ್ದೆ ಮಾರಂಗಿಲ್ಲ ಅಂತೀರ. ಮಾರ್ದೆ ಲೈಸೆನ್ಸ್ ಕೊಡಲ್ಲ ಅಂತೀರ. ಹುಚ್ಚು ಬಿಡೋ ತಂಕ ಮದ್ವೆ ಆಗಲ್ಲ, ಮದ್ವೆ ಆಗೋ ತಂಕ ಹುಚ್ಚು ಬಿಡಲ್ಲ! ಇದ್ಯಾವ ನ್ಯಾಯ ಸಾ?"

ಎಂದೂ ಒಂದು ಬಾಟಲಿ ಕೊಂಡವರಲ್ಲದಿದ್ದರೂ, ಸಾಕ್ಷಿ ಹೇಳಲು ಪಂಚಾಕ್ಷರಯ್ಯನವರಿಗೆ ಇದೇ ತಕ್ಕ ಸಮಯವೆನಿಸಿತು.

"ಪುರಾವೆ ನಾನಿಲ್ವಾ ಸಾ? ಎರಡ್ ವರ್ಸದಿಂದ ಇವನತ್ರಾನೇ ಕೊಂಡ್ಕತೀನಿ. ಬೈರಯ್ಯ, ಮಾದಮ್ಮ, ಲಕ್ಕಯ್ಯ... ನಲವತ್ ಜನ ಅವ್ರೆ, ಬರ್ಕಳಿ!"

ಮೇಜಿನ ಕೆಳಗೆ ಬಸವೇಶ ಅವರ ಕಾಲು ತುಳಿದ. ಅವರು ಕಾಲು ಎಳೆದುಕೊಂಡು ಹೆಸರು ಹೇಳುತ್ತಲೇ ಹೋದರು. ಸಾಹೇಬರು ಒಂದನ್ನೂ ಬಿಡದೆ ಬರೆದುಕೊಂಡು, ಲೈಸೆನ್ಸಿಲ್ಲದೆ ನಲವತ್ತು ಜನರಿಗೆ ಮದ್ದು ಮಾರಿದ ಅಪರಾಧಕ್ಕೆ ಶೆಡ್ಡು ಮುಚ್ಚಲು ನೋಟಿಸು ಕೊಟ್ಟು ಸಹಿ ಹಾಕಿಸಿಕೊಂಡರು.

ನೋಟಿಸು ಮಡಚಿ ಜೇಬಿಗಿಟ್ಟು ಬಸವೇಶ ಬಾಗಿಲು ಮುಟ್ಟುವಷ್ಟರಲ್ಲಿ ಹಿಂದಿನಿಂದ ಸಾಹೇಬರ ಮೆಲುದನಿ ಬಂತು.

"ರೀ, ಒಂದ್ನಿಮಿಷ. ಹೊಳೆನರಸೀಪುರದ ಹತ್ರ ನಮ್ದೂ ಎರಡೆಕರೆ ಶುಂಠಿ ಇದೆ, ಕೊಳೀತಿದೆ. ಆ ಬಾಟಲಿ ಇಲ್ಲೇ ಇಟ್ಟು ಹೋಗಿ."

"ಅಪರಾಧ ಅಲ್ವಾ ಸಾ?"

"ಮಾರೋದು ಅಪರಾಧ ಕಣ್ರೀ. ನಾನೇನು ದುಡ್ಡು ಕೊಡ್ತೀನಿ ಅಂದ್ನಾ?"